ವಾಹನ ಸಮಸ್ಯೆ–ಪರಿಹಾರ: ಸ್ಟೀರಿಂಗ್ ಪಂಪ್ ಬದಲಿಸುವ ಮುನ್ನ

ಹಳೆಯ ವಾಹನಗಳ ಪವರ್ ಸ್ಟೀರಿಂಗ್ ಕುರಿತ ಪತ್ರಗಳು ಹೆಚ್ಚಾಗಿ ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ. ಹಲವು ಪತ್ರಗಳಲ್ಲಿ ಒಂದೇ ಬಗೆಯ ಅಸಮಾಧಾನವಿದೆ. ಸ್ಟೀರಿಂಗ್ ಭಾರವಾಗಿದೆ ಎಂದು ಗ್ಯಾರೇಜಿಗೆ ಹೋದರೆ ಪಂಪ್ ಹೋಗಿದೆ, ಇಲ್ಲವೇ ರ‍್ಯಾಕ್ (ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಳ್ಳುವ ಹಲ್ಲಿನ ಸರಳಿರುವ ಭಾಗ) ಹೋಗಿದೆ ಎಂಬ ತೀರ್ಮಾನ ಬಾನೆಟ್ ತೆರೆಯುವ ಮೊದಲೇ ಬಂದುಬಿಡುತ್ತದೆ. ಯಾವ ಪರೀಕ್ಷೆಯಿಂದ ಹಾಗೆಂದು ತಿಳಿಯಿತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಪ್ರಶ್ನೆ: ನಮ್ಮದು 2007ರ ಡೀಸೆಲ್ ಕಾರು. ಬೆಳಿಗ್ಗೆ ಹೊರಡುವಾಗ ಸ್ಟೀರಿಂಗ್ ಭಾರವಾಗಿರುತ್ತದೆ, ತಿರುಗಿಸಿದಾಗ ಗುಂಯ್ ಎಂಬ ಶಬ್ದ ಬರುತ್ತದೆ. ಸ್ವಲ್ಪ ದೂರ ಓಡಿದ ಮೇಲೆ ಹಗುರಾಗುತ್ತದೆ. ತಿಂಗಳಿಗೊಮ್ಮೆ ಪವರ್ ಸ್ಟೀರಿಂಗ್ ಆಯಿಲ್ ಹಾಕಬೇಕಾಗಿದೆ. ಒಬ್ಬ ಮೆಕ್ಯಾನಿಕ್ ಪಂಪ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ರ‍್ಯಾಕ್ ಬದಲಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರು, ಸಾಗರ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ತಾವು ಬರೆದ ವಿವರದಲ್ಲೇ ಅರ್ಧ ಉತ್ತರವಿದೆ. ಇಂಜಿನ್ ಆಯಿಲ್ ಅಷ್ಟಿಷ್ಟು ಉರಿದು ಹೋಗುವುದುಂಟು, ಆದರೆ ಪವರ್ ಸ್ಟೀರಿಂಗ್ ಆಯಿಲ್‌ಗೆ ಉರಿಯುವ ಜಾಗವೇ ಇಲ್ಲ. ಅದು ಡಬ್ಬಿಯಿಂದ ಪಂಪಿಗೆ, ಪಂಪಿನಿಂದ ರ‍್ಯಾಕಿಗೆ, ಅಲ್ಲಿಂದ ಮತ್ತೆ ಡಬ್ಬಿಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆ ಸೋರಿಕೆಯನ್ನು ಹಾಗೇ ಬಿಟ್ಟು ಹೊಸ ಪಂಪ್ ಕೂರಿಸಿದರೆ ಅದೂ ಕೆಲಕಾಲದಲ್ಲೇ ಹಳೆಯದರ ಹಾದಿ ಹಿಡಿಯುತ್ತದೆ.

ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಮುಂದಿನ ಪರೀಕ್ಷೆಗಳು ಸುಲಭವಾಗಿ ಅರ್ಥವಾಗುತ್ತವೆ. ಇಂಜಿನ್ನಿನ ಬೆಲ್ಟ್‌ನಿಂದ ತಿರುಗುವ ಪಂಪ್ ಆಯಿಲ್ ಅನ್ನು ಒತ್ತಡದಲ್ಲಿ ಕಳಿಸುತ್ತದೆ. ಸ್ಟೀರಿಂಗ್ ಕಂಬದ ಕೆಳತುದಿಯಲ್ಲಿ ತೆಳ್ಳಗಿನ ತಿರುಚು ಸರಳೊಂದಿದ್ದು, ನಾವು ಸ್ಟೀರಿಂಗ್ ತಿರುಗಿಸಿದಾಗ ಅದು ತುಸು ತಿರುಚಿಕೊಂಡು ಒಂದು ವಾಲ್ವ್ ಅನ್ನು ಆ ಬದಿಗೆ ತೆರೆಯುತ್ತದೆ; ಆಯಿಲ್ ರ‍್ಯಾಕಿನೊಳಗಿನ ಪಿಸ್ಟನ್ನಿನ ಒಂದು ಬದಿಗೆ ನುಗ್ಗಿ ನಮ್ಮ ಕೈಗೆ ನೆರವಾಗುತ್ತದೆ. ಟೈರಿನಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡ ಸುಮಾರು 2 ಬಾರ್ ಆದರೆ, ಸ್ಟೀರಿಂಗ್ ಅನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಈ ಹೋಸ್‌ಗಳಲ್ಲಿ ಏಳುವ ಒತ್ತಡ ಹಲವು ಕಾರುಗಳಲ್ಲಿ 70 ಬಾರ್ ದಾಟುತ್ತದೆ. ಹೀಗಾಗಿ ಹಳತಾಗಿ ಗಟ್ಟಿಯಾದ ರಬ್ಬರ್ ಎಲ್ಲಿದ್ದರೂ ಮೊದಲು ಬಾಯಿಬಿಡುವುದು ಇಲ್ಲಿಯೇ.

ಮೊದಲು ನೋಡಬೇಕಾದದ್ದು ಭಾರಕ್ಕೆ ಕಾರಣ ಆಯಿಲ್ ವ್ಯವಸ್ಥೆಯೋ, ಅಥವಾ ಅದರಾಚೆಗಿನ ಕೀಲುಗಳೋ ಎಂಬುದನ್ನು. ಮುಂದಿನ ಟೈರುಗಳ ಗಾಳಿ ಸರಿಯಿದೆಯೇ ನೋಡಿ. ನಗೆಪಾಟಲಿನ ಸಲಹೆಯಂತೆ ಕಂಡರೂ ಎಷ್ಟೋ ಕಾರುಗಳ ‘ಪಂಪ್ ದೋಷ’ ಗಾಳಿ ತುಂಬಿಸಿದೊಡನೆ ಮಾಯವಾಗುತ್ತದೆ. ಆನಂತರ ಗಟ್ಟಿ ನೆಲದ ಮೇಲೆ ಮುಂದಿನ ಎರಡೂ ಚಕ್ರಗಳನ್ನು ಎತ್ತಿ, ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಇಂಜಿನ್ ಆಫ್ ಇರುವಾಗಲೇ ಬೀಗ ಬಿಡಿಸಿ ಸ್ಟೀರಿಂಗ್ ಅನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ಚಕ್ರಗಳು ನೆಲಕ್ಕೆ ತಾಗದಿರುವಾಗ ಅದು ಒಂದೇ ಹದದಲ್ಲಿ, ಹೆಚ್ಚು ಶ್ರಮವಿಲ್ಲದೆ ತಿರುಗಬೇಕು. ಆಗಲೂ ಬಿಗಿಯಾಗಿದ್ದರೆ, ಇಲ್ಲವೇ ಒಂದೆಡೆ ಸಡಿಲ ಒಂದೆಡೆ ಬಿಗಿ ಎಂಬಂತಿದ್ದರೆ, ಪಂಪನ್ನು ದೂರುವುದು ವ್ಯರ್ಥ. ಬಾಲ್ ಜಾಯಿಂಟ್, ಚಕ್ರದ ಅದುರು ತಡೆಯುವ ಕಂಬವಾದ ಸ್ಟ್ರಟ್‌ನ ಮೇಲ್ತುದಿಯ ಬೇರಿಂಗ್ ಅಥವಾ ಸ್ಟೀರಿಂಗ್ ಕಂಬದ ಯೂನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದಿರುತ್ತದೆ. ಮಲೆನಾಡಿನ ಮಳೆಯಲ್ಲಿ ಓಡಿದ ವಾಹನಗಳಲ್ಲಿ ಈ ಯೂನಿವರ್ಸಲ್ ಜಾಯಿಂಟ್ ಹಿಡಿದುಕೊಳ್ಳುವುದು ಬಹಳ ಸಾಮಾನ್ಯ. ಒಂದು ಸುತ್ತಿನಲ್ಲಿ ಎರಡು ಬಾರಿ ಬಿಗಿ, ಎರಡು ಬಾರಿ ಸಡಿಲ ಎನಿಸಿದರೆ ಅದನ್ನೇ ಮೊದಲು ಶಂಕಿಸಿ.

ಈ ಪರೀಕ್ಷೆಯಲ್ಲಿ ಎಲ್ಲವೂ ಸರಾಗವಾಗಿದ್ದರೆ ಆಯಿಲ್ ಡಬ್ಬಿಯ ಮುಚ್ಚಳ ತೆರೆಯಿರಿ. ಡಬ್ಬಿಯ ಮೇಲೆ ತಣ್ಣಗಿರುವಾಗ ಒಂದು, ಬಿಸಿಯಾದಾಗ ಇನ್ನೊಂದು ಎಂದು ಎರಡು ಗುರುತುಗಳಿರಬಹುದು; ಯಾವ ಸ್ಥಿತಿಯಲ್ಲಿ ನೋಡುತ್ತಿದ್ದೀರೋ ಆ ಗುರುತಿಗೆ ಹೋಲಿಸಿ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅದು ಬದಲಾಗಬೇಕು. ಮೇಲ್ಗಡೆ ನೊರೆಯಿದ್ದರೆ ಗಾಳಿ ಸೇರಿದೆ. ತಾವು ಹೇಳುವ ಗುಂಯ್ ಶಬ್ದಕ್ಕೆ ಹೆಚ್ಚಿನ ಪಾಲು ಕಾರಣ ಈ ಗಾಳಿಯೇ. ಬೆಳಿಗ್ಗೆ ಆಯಿಲ್ ಮಂದವಾಗಿರುತ್ತದೆ, ಮಟ್ಟವೂ ತಗ್ಗಿದ್ದರೆ ಪಂಪ್ ಆಯಿಲ್ ಜೊತೆಗೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಡಬ್ಬಿಯಿಂದ ಪಂಪಿಗೆ ಬರುವ ಕಡಿಮೆ ಒತ್ತಡದ ಹೋಸ್‌ನ ಕ್ಲಿಪ್ ಸಡಿಲವಾಗಿದ್ದರೂ ಹೀಗೆಯೇ ಆಗುತ್ತದೆ. ವಿಚಿತ್ರವೆಂದರೆ ಅಲ್ಲಿ ಹೊರಗೆ ಒಂದು ಹನಿಯೂ ಸೋರದೆ ಗಾಳಿ ಮಾತ್ರ ಒಳಗೆ ಹೋಗುತ್ತಿರಬಹುದು. ಅನೇಕ ಡಬ್ಬಿಗಳ ತಳದಲ್ಲಿ ಸಣ್ಣ ಜಾಲರಿಯೂ ಇರುತ್ತದೆ. ಇಷ್ಟು ವರ್ಷಗಳ ಕೊಳೆ ಅಲ್ಲಿ ಕಟ್ಟಿದ್ದರೆ ಪಂಪಿಗೆ ಆಯಿಲ್ ಎಳೆಯಲು ದಾರಿಯೇ ಇರುವುದಿಲ್ಲ. ಜಾಲರಿಯನ್ನು ತೊಳೆಯಲಾಗದಿದ್ದರೆ ಡಬ್ಬಿಯನ್ನೇ ಬದಲಿಸುವುದು ಪಂಪಿಗೆ ಹೋಲಿಸಿದರೆ ಅಲ್ಪ ಖರ್ಚಿನ ಕೆಲಸ.

ಗುಂಯ್ ಎಂಬುದಲ್ಲದೆ ಕಿರ್‌ರ್ ಎಂಬ ಚೀರು ಶಬ್ದ ಬಂದರೆ, ಅದೂ ಪೂರ್ತಿ ತಿರುಗಿಸಿದಾಗ ಹೆಚ್ಚಾದರೆ, ಬೆಲ್ಟ್ ಜಾರುತ್ತಿದೆ. ಬೆಲ್ಟಿನ ಒಳಮೈ ಕನ್ನಡಿಯಂತೆ ನುಣುಪಾಗಿದ್ದರೆ ಬಿಗಿಮಾಡಿ ಪ್ರಯೋಜನವಿಲ್ಲ, ಬದಲಿಸಿ. ಅಗತ್ಯಕ್ಕಿಂತ ಹೆಚ್ಚು ಬಿಗಿಮಾಡಿದರೆ ಪಂಪಿನ ಬೇರಿಂಗ್ ಹಾಳಾಗುತ್ತದೆ.

ಇನ್ನು ಸೋರಿಕೆ ಹುಡುಕುವ ಕೆಲಸ. ಕಾರಿನ ಕೆಳಗೆ ರಾತ್ರಿ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಕಲೆ ಎಲ್ಲಿದೆಯೆಂದು ತಿಳಿಯುತ್ತದೆ, ಆದರೆ ಎಲ್ಲ ಸೋರಿಕೆಯೂ ನೆಲಕ್ಕೆ ಬೀಳುವುದಿಲ್ಲ. ರ‍್ಯಾಕಿನ ಎರಡು ತುದಿಗಳಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್‌ಗಳಿರುತ್ತವೆ. ಅವನ್ನು ಕೈಯಿಂದ ಹಿಸುಕಿ ನೋಡಿ. ಒಳಗೆ ದ್ರವ ಅಲುಗಾಡಿದರೆ ಅಥವಾ ಕ್ಲಿಪ್ ಸಡಿಲಿಸಿದಾಗ ಆಯಿಲ್ ಸುರಿದರೆ ರ‍್ಯಾಕಿನ ತುದಿಯ ಸೀಲ್ ಹೋಗಿದೆ. ಬೂಟ್‌ಗಳು ಒಣಗಿದ್ದರೆ ಪಂಪಿನ ಪುಲ್ಲಿಯ ಹಿಂಬದಿಯನ್ನೂ, ಹೆಚ್ಚು ಒತ್ತಡದ ಹೋಸ್‌ನಲ್ಲಿ ರಬ್ಬರ್ ಮತ್ತು ಲೋಹ ಕೂಡುವ ಜಾಗವನ್ನೂ ಬಟ್ಟೆಯಿಂದ ಒರೆಸಿ, ಇಂಜಿನ್ ಓಡಿಸಿ, ಮತ್ತೆ ನೋಡಿ. ಇಂಜಿನ್ ಓಡುತ್ತಿರುವಾಗ ಹೋಸ್‌ಗಳ ಬಳಿ ಬೆರಳಾಡಿಸಿ ಸೋರಿಕೆ ಹುಡುಕಬೇಡಿ; ಅಷ್ಟು ಒತ್ತಡದ ಆಯಿಲ್ ಸೂಜಿಯಂತೆ ಚರ್ಮದೊಳಕ್ಕೆ ಹೊಗುತ್ತದೆ, ಅದು ಆಸ್ಪತ್ರೆಗೆ ಓಡಬೇಕಾದ ಗಾಯ.

ಸೋರಿಕೆ ನಿಲ್ಲಿಸಿ ಆಯಿಲ್ ತುಂಬಿದ ಮೇಲೆ ಗಾಳಿ ತೆಗೆಯಬೇಕು. ಗ್ಯಾರೇಜ್‌ಗಳಲ್ಲಿ ಅವಸರದಿಂದ ಕೆಡುವ ಕೆಲಸ ಇದು. ಮುಂದಿನ ಚಕ್ರಗಳನ್ನು ಎತ್ತಿ, ಇಂಜಿನ್ ಆಫ್ ಇಟ್ಟು, ಸ್ಟೀರಿಂಗ್ ಅನ್ನು ಆ ಕೊನೆಯಿಂದ ಈ ಕೊನೆಗೆ ಹದಿನೈದು ಇಪ್ಪತ್ತು ಬಾರಿ ನಿಧಾನವಾಗಿ ತಿರುಗಿಸುತ್ತ, ಡಬ್ಬಿಯಲ್ಲಿ ಮಟ್ಟ ಇಳಿದಂತೆಲ್ಲ ತುಂಬುತ್ತ ಹೋಗಬೇಕು. ಗುಳ್ಳೆ ಬರುವುದು ನಿಂತ ಮೇಲೆಯೇ ಇಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಕೊಡದೆ ಇನ್ನೂ ಕೆಲವು ಬಾರಿ ತಿರುಗಿಸಬೇಕು. ಮೊದಲೇ ಇಂಜಿನ್ ಚಾಲೂ ಮಾಡಿದರೆ ಪಂಪ್ ಗಾಳಿಯನ್ನು ಆಯಿಲ್ ಜೊತೆ ಕಡೆದು ನೊರೆ ಮಾಡಿಬಿಡುತ್ತದೆ, ಆ ನೊರೆ ಇಳಿಯಲು ಗಂಟೆಗಟ್ಟಲೆ ಕಾಯಬೇಕು. ಸ್ಟೀರಿಂಗ್ ಒಂದು ಕೊನೆ ತಲುಪಿದಾಗ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದಿಡಬಾರದೆಂಬುದು ದಿನನಿತ್ಯದ ಚಾಲನೆಗೂ ಅನ್ವಯಿಸುತ್ತದೆ.

ಇಷ್ಟಾದ ಮೇಲೂ ಭಾರ ಉಳಿದಿದ್ದರೆ ಮಾತ್ರ ಪಂಪೋ ರ‍್ಯಾಕೋ ಎಂಬ ಪ್ರಶ್ನೆ ಏಳುತ್ತದೆ, ಅದನ್ನು ಊಹೆಯಿಂದಲ್ಲ, ಒತ್ತಡದ ಗೇಜ್‌ನಿಂದ ನಿರ್ಧರಿಸಬೇಕು. ಪಂಪ್ ಮತ್ತು ರ‍್ಯಾಕ್ ನಡುವಿನ ಹೋಸ್‌ಗೆ ವಾಲ್ವ್ ಇರುವ ಗೇಜ್ ಜೋಡಿಸಿ, ಇಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ವಾಲ್ವ್ ಅನ್ನು ಕೆಲವೇ ಸೆಕೆಂಡು ಮುಚ್ಚಿದರೆ ಪಂಪ್ ಕೊಡಬಲ್ಲ ಗರಿಷ್ಠ ಒತ್ತಡ ಕಾಣುತ್ತದೆ. ಅದು ಕಾರಿನ ಸರ್ವಿಸ್ ಕೈಪಿಡಿಯಲ್ಲಿರುವ ಅಂಕಿಗಿಂತ ತೀರ ಕಡಿಮೆಯಾದರೆ ದೋಷ ಪಂಪಿನದು. ಪಂಪ್ ಸರಿಯಾದ ಒತ್ತಡ ಕೊಟ್ಟು, ವಾಲ್ವ್ ತೆರೆದು ಸ್ಟೀರಿಂಗ್ ಅನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಅದೇ ಒತ್ತಡ ಏರದಿದ್ದರೆ ಆಯಿಲ್ ರ‍್ಯಾಕಿನೊಳಗೇ ಅಡ್ಡದಾರಿ ಹಿಡಿದಿದೆ. ಒಂದು ಬದಿಗೆ ಮಾತ್ರ ಭಾರವೆನಿಸುವುದು, ತಣ್ಣಗಿದ್ದಾಗ ಭಾರವಿದ್ದು ಬಿಸಿಯಾದಂತೆ ಹಗುರಾಗುವುದು, ಇವೆರಡೂ ಸಾಮಾನ್ಯವಾಗಿ ರ‍್ಯಾಕಿನ ವಾಲ್ವ್ ಭಾಗದ ಉಂಗುರಗಳು ಸವೆದ ಲಕ್ಷಣ. ಇದಕ್ಕೆ ವ್ಯತಿರಿಕ್ತವಾಗಿ, ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಎರಡೂ ಬದಿಗೆ ಭಾರವಾದರೆ ಪಂಪ್ ಸವೆದಿರುವ ಸಾಧ್ಯತೆ ಹೆಚ್ಚು. ತಮ್ಮ ಕಾರಿನ ಲಕ್ಷಣ ಮೊದಲನೆಯ ಬಗೆಗೆ ಹತ್ತಿರವಿದ್ದರೂ, ಆಯಿಲ್ ಮಟ್ಟ ಸರಿಯಾಗಿ ಅದರೊಳಗೆ ಸೇರಿದ ಗಾಳಿ ಹೋಗುವ ತನಕ ರ‍್ಯಾಕಿಗೆ ಹಣ ಹಾಕಬೇಡಿ. ಗೇಜ್ ಇಲ್ಲದ ಗ್ಯಾರೇಜಿನವರು ಈ ತೀರ್ಪು ಕೊಟ್ಟರೆ ಒಪ್ಪಬೇಕಾಗಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ: ದಾರಿಯಲ್ಲಿ ಆಯಿಲ್ ಕಡಿಮೆಯಾದಾಗ ಡ್ರೈವರ್ ಸ್ಟೀರಿಂಗ್ ಡಬ್ಬಿಗೆ ಬ್ರೇಕ್ ಆಯಿಲ್ ಹಾಕಿದ್ದಾರೆ. ತೊಂದರೆಯಿದೆಯೇ? ಸರಿಯಾದ ಆಯಿಲ್ ಯಾವುದು?
— ಓದುಗರು, ಹಾಸನ

ಉತ್ತರ: ತೊಂದರೆಯಿದೆ. ನಮ್ಮ ಕಾರುಗಳ ಬ್ರೇಕ್ ಆಯಿಲ್ ಹೆಸರಿಗಷ್ಟೇ ಆಯಿಲ್. ಅದು ಗ್ಲೈಕಾಲ್ ಆಧಾರಿತ ದ್ರವ, ಸ್ಟೀರಿಂಗ್‌ನ ಸೀಲ್‌ಗಳು ತಯಾರಾದ ರಬ್ಬರಿಗೆ ಅದು ಒಗ್ಗುವುದಿಲ್ಲ. ಸೀಲ್‌ಗಳು ಊದಿ ಮೆತ್ತಗಾಗಿ, ಆಮೇಲೆ ಎಲ್ಲ ಕಡೆಯಿಂದಲೂ ಸೋರಲಾರಂಭಿಸುತ್ತದೆ. ಇಂಜಿನ್ ಇನ್ನೂ ಚಾಲೂ ಮಾಡಿರದಿದ್ದರೆ ಡಬ್ಬಿಯಲ್ಲಿರುವುದನ್ನು ದೊಡ್ಡ ಸಿರಿಂಜ್‌ನಿಂದ ಪೂರ್ತಿ ಎಳೆದು ತೆಗೆದು, ಡಬ್ಬಿಯನ್ನು ಕಳಚಿ ತೊಳೆದರೆ ಸಾಕಾಗಬಹುದು. ಈಗಾಗಲೇ ಓಡಿಸಿದ್ದರೆ ಡಬ್ಬಿಗೆ ವಾಪಸು ಬರುವ ಹೋಸ್ ಕಳಚಿ, ಹೊಸ ಆಯಿಲ್ ಹಾಕುತ್ತ, ಹೊರಬರುವುದು ಶುದ್ಧವಾಗುವವರೆಗೆ ಇಡೀ ವ್ಯವಸ್ಥೆಯನ್ನು ತೊಳೆಯಿಸಿ, ನಂತರದ ಕೆಲವು ವಾರ ಸೋರಿಕೆಯ ಮೇಲೆ ಕಣ್ಣಿಡಿ. ಇದರ ವಿರುದ್ಧ ತಪ್ಪು ಇನ್ನೂ ಅಪಾಯಕಾರಿ: ಸ್ಟೀರಿಂಗ್ ಆಯಿಲ್ ಬ್ರೇಕ್ ಡಬ್ಬಿಗೆ ಬಿದ್ದರೆ ಬ್ರೇಕಿನ ರಬ್ಬರುಗಳೆಲ್ಲ ಊದಿ ಹಾಳಾಗುತ್ತವೆ, ಆ ವಾಹನವನ್ನು ಒಂದು ಅಡಿಯೂ ಓಡಿಸಬಾರದು.

ಸರಿಯಾದ ಆಯಿಲ್ ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಮಾಲೀಕರ ಕೈಪಿಡಿಯಲ್ಲಿ ಬರೆದಿರುತ್ತದೆ. ಅನೇಕ ವಾಹನಗಳಿಗೆ ಕೆಂಪು ಬಣ್ಣದ ಡೆಕ್ಸ್‌ರಾನ್ ಬಗೆಯ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆಗೆ ಹಾಕುವ ದ್ರವ) ನಡೆಯುತ್ತದೆ. ಹೋಂಡಾ ಕಾರುಗಳಿಗೆ ಕಂಪನಿ ತನ್ನದೇ ಬೇರೆ ದ್ರವವನ್ನು ಸೂಚಿಸುತ್ತದೆ, ಕೆಲವು ಜರ್ಮನ್ ಕಾರುಗಳಿಗೆ ಹಸಿರು ಬಣ್ಣದ ಹೈಡ್ರಾಲಿಕ್ ಆಯಿಲ್ ಬೇಕು. ‘ಎಲ್ಲ ಗಾಡಿಗೂ ಆಗುತ್ತದೆ’ ಎಂದು ಅಂಗಡಿಯವರು ಕೊಡುವ ಡಬ್ಬಕ್ಕಿಂತ ಮುಚ್ಚಳದ ಮೇಲಿನ ಬರಹವನ್ನು ನಂಬಿ.

ಪ್ರಶ್ನೆ: ಚಾರ್ಮಾಡಿ ಘಾಟಿ ಇಳಿಯುವಾಗ ಡೀಸೆಲ್ ಉಳಿಸಲು ನಮ್ಮ ಡ್ರೈವರ್ ಇಂಜಿನ್ ಆಫ್ ಮಾಡುತ್ತಾರೆ. ಆಗ ಸ್ಟೀರಿಂಗ್ ಕಲ್ಲಿನಂತಾಗುತ್ತದೆ. ಇದು ದೋಷವೇ?
— ಓದುಗರು, ಮೂಡಿಗೆರೆ

ಉತ್ತರ: ದೋಷ ವಾಹನದ್ದಲ್ಲ. ಇಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ನೆರವು ನಿಲ್ಲುತ್ತದೆ. ಆಗ ಇಡೀ ಭಾರವನ್ನು ಕೈಯೇ ತಿರುಗಿಸಬೇಕು. ಸಾಮಾನ್ಯ ಸ್ಟೀರಿಂಗ್‌ಗಿಂತಲೂ ಅದು ಗಟ್ಟಿ, ಏಕೆಂದರೆ ಪವರ್ ಸ್ಟೀರಿಂಗ್ ಇರುವ ವಾಹನಗಳಲ್ಲಿ ಕಡಿಮೆ ಸುತ್ತಿಗೇ ಚಕ್ರ ಹೆಚ್ಚು ತಿರುಗುವಂತೆ ಹಲ್ಲುಗಳನ್ನು ಹೊಂದಿಸಿರುತ್ತಾರೆ, ರ‍್ಯಾಕಿನೊಳಗಿನ ಆಯಿಲ್ ಅನ್ನೂ ತಳ್ಳಬೇಕಾಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಕೂಡ ಇಂಜಿನ್ ನಿಂತ ಮೇಲೆ ಪೆಡಲನ್ನು ಎರಡು ಮೂರು ಬಾರಿ ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ. ಕೀಲಿಯನ್ನು ಇನ್ನೊಂದು ಹಂತ ಹಿಂದಕ್ಕೆ ತಿರುಗಿಸಿ ಹೊರತೆಗೆದರೆ ಸ್ಟೀರಿಂಗ್‌ಗೆ ಬೀಗವೇ ಬೀಳಬಹುದು. ಡೀಸೆಲ್ ಉಳಿಯುವ ಮಾತೂ ಹುಸಿ: ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜೆಕ್ಷನ್ ವ್ಯವಸ್ಥೆ ತಾನಾಗಿ ಡೀಸೆಲ್ ನಿಲ್ಲಿಸುತ್ತದೆ, ಇಂಜಿನ್ ಬ್ರೇಕಿಂಗ್ ಲಾಭವೂ ಸಿಗುತ್ತದೆ. ಡ್ರೈವರ್ ಈ ಅಭ್ಯಾಸ ಬಿಡದಿದ್ದರೆ ಅವರ ಕೈಗೆ ಕೀಲಿ ಕೊಡಬೇಡಿ.

ಪ್ರಶ್ನೆ: ನನ್ನ 2010ರ ಸಣ್ಣ ಪೆಟ್ರೋಲ್ ಕಾರಿನಲ್ಲಿ ಸ್ಟೀರಿಂಗ್ ಚಿತ್ರದ ದೀಪ ಆಗಾಗ ಹತ್ತಿಕೊಂಡು ಸ್ಟೀರಿಂಗ್ ಭಾರವಾಗುತ್ತದೆ. ಇಂಜಿನ್ ಆಫ್ ಮಾಡಿ ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತದೆ. ಮೆಕ್ಯಾನಿಕ್ ಒಬ್ಬರು ಆಯಿಲ್ ಬದಲಿಸೋಣ ಎಂದರು.
— ಓದುಗರು, ಕಲಬುರಗಿ

ಉತ್ತರ: ತಮ್ಮ ಕಾರಿನ ಬಾನೆಟ್‌ನಲ್ಲಿ ಸ್ಟೀರಿಂಗ್ ಆಯಿಲ್ ಡಬ್ಬಿ ಇದೆಯೇ ಎಂದು ಮೊದಲು ನೋಡಿ. ಆ ದೀಪ ಇರುವ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಏಕೆಂದರೆ ಅವುಗಳಲ್ಲಿ ನೆರವು ನೀಡುವುದು ಆಯಿಲ್ ಅಲ್ಲ, ವಿದ್ಯುತ್ ಮೋಟಾರ್. 1988ರಲ್ಲಿ ಜಪಾನಿನಲ್ಲಿ ಸುಜುಕಿ ಸರ್ವೋ ಕಾರಿನಲ್ಲಿ ಮೊದಲು ಬಂದ ಈ ಪದ್ಧತಿ ಇಂದು ನಮ್ಮ ಬಹುಪಾಲು ಹೊಸ ಕಾರುಗಳಲ್ಲಿದೆ. ಡ್ಯಾಶ್‌ಬೋರ್ಡ್ ಕೆಳಗೆ ಸ್ಟೀರಿಂಗ್ ಕಂಬಕ್ಕೇ ಜೋಡಿಸಿದ ಮೋಟಾರ್, ನಾವು ಎಷ್ಟು ಬಲ ಹಾಕುತ್ತಿದ್ದೇವೆಂದು ಅಳೆಯುವ ಟಾರ್ಕ್ ಸೆನ್ಸರ್, ಇವೆರಡನ್ನೂ ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ, ಇಷ್ಟೇ ಅದರ ಸಂಸಾರ. ಇಲ್ಲದ ಆಯಿಲ್ ಅನ್ನು ಬದಲಿಸಲು ಹೊರಟವರ ಬಳಿ ಮುಂದಿನ ಕೆಲಸ ಮಾಡಿಸಬೇಡಿ.

ಇಗ್ನಿಷನ್ ಆನ್ ಮಾಡಿದಾಗ ದೀಪ ಹತ್ತಿ, ಇಂಜಿನ್ ಚಾಲೂ ಆದ ಮೇಲೆ ಆರಬೇಕು. ಓಡುವಾಗ ಮತ್ತೆ ಹತ್ತಿದರೆ ಕಂಪ್ಯೂಟರ್ ಏನೋ ಕೊರತೆ ಕಂಡು ನೆರವನ್ನು ಕಡಿತಗೊಳಿಸಿದೆ ಎಂದರ್ಥ. ಬಹುಪಾಲು ಸಂದರ್ಭಗಳಲ್ಲಿ ಕೊರತೆ ಸ್ಟೀರಿಂಗ್‌ನದಾಗಿರದೆ ವಿದ್ಯುತ್ತಿನದಾಗಿರುತ್ತದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಮೋಟಾರ್ ಹತ್ತಾರು ಆಂಪಿಯರ್ ಕರೆಂಟ್ ಎಳೆಯುತ್ತದೆ. ಬ್ಯಾಟರಿ ಹಳತಾಗಿದ್ದರೆ, ಆಲ್ಟರ್ನೇಟರ್ ಸೋತಿದ್ದರೆ ಆ ಕ್ಷಣಕ್ಕೆ ವೋಲ್ಟೇಜ್ ಕುಸಿದು ದೀಪ ಹತ್ತುತ್ತದೆ. ಇಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ 13.5ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್ ಮತ್ತು ಏಸಿ ಹಾಕಿ ಸ್ಟೀರಿಂಗ್ ತಿರುಗಿಸುತ್ತ ಅಳೆಯಿಸಿ, ಆಗಲೂ ಅದು 12ರ ಕಡೆಗೆ ಜಾರಬಾರದು. ಬ್ಯಾಟರಿಯ ತುದಿಯ ಬಿಳಿ ಪುಡಿ, ಕಾರಿನ ಲೋಹದ ಮೈಗೆ ಹೋಗುವ ಅರ್ಥ್ ವೈರಿನ ತುಕ್ಕು, ಸಡಿಲವಾದ ದೊಡ್ಡ ಫ್ಯೂಸ್ ಇವನ್ನು ಸರಿಪಡಿಸಿದರೇ ಎಷ್ಟೋ ಕಾರುಗಳು ಗುಣವಾಗುತ್ತವೆ.

ಕಲಬುರಗಿಯ ಬೇಸಿಗೆಯೂ ಲೆಕ್ಕಕ್ಕೆ ಬರುತ್ತದೆ. ಬಿಸಿಲಿನಲ್ಲಿ ನಿಂತ ಕಾರನ್ನು ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ಮಾಡಿ ಪಾರ್ಕಿಂಗ್‌ನಿಂದ ತೆಗೆಯುವಾಗ ಮೋಟಾರ್ ಕಾದರೆ, ಅದು ಸುಡದಿರಲೆಂದು ಕಂಪ್ಯೂಟರ್ ನೆರವನ್ನು ತಗ್ಗಿಸುತ್ತದೆ. ಆಗ ದೀಪ ಹತ್ತದೆಯೂ ಭಾರವೆನಿಸಿ, ತಣಿದ ಮೇಲೆ ತಾನಾಗಿ ಸರಿಹೋಗುತ್ತದೆ. ಅದು ರಕ್ಷಣೆಯ ಏರ್ಪಾಡೇ ಹೊರತು ದೋಷವಲ್ಲ. ತಮ್ಮ ಕಾರಿನಲ್ಲಿ ದೀಪವೂ ಹತ್ತುತ್ತಿರುವುದರಿಂದ ವಿದ್ಯುತ್ ಪರೀಕ್ಷೆ ಮುಗಿಸಿ, ಸ್ಟೀರಿಂಗ್ ಕಂಪ್ಯೂಟರಿನ ದೋಷಸೂಚಕ ಸಂಕೇತಗಳನ್ನು ಓದಬಲ್ಲ ಸ್ಕ್ಯಾನರ್ ಇರುವಲ್ಲಿ ತೋರಿಸಿ. ಅಗ್ಗದ ಸ್ಕ್ಯಾನರ್‌ಗಳು ಇಂಜಿನ್ನಿನ ಸಂಕೇತಗಳನ್ನಷ್ಟೇ ಓದುತ್ತವೆ. ಟಾರ್ಕ್ ಸೆನ್ಸರ್ ದೋಷ ಎಂದು ಖಚಿತವಾದರೆ ಅನೇಕ ಮಾದರಿಗಳಲ್ಲಿ ಇಡೀ ಕಂಬವನ್ನೇ ಬದಲಿಸಬೇಕಾಗುತ್ತದೆ, ಅದು ದುಬಾರಿ. ಅದಕ್ಕಾಗಿಯೇ ಬ್ಯಾಟರಿಯಿಂದ ಆರಂಭಿಸಿ ಎಂದದ್ದು.

ಪ್ರಶ್ನೆ: ತಂದೆಯವರ 1996ರ ಸಣ್ಣ ಕಾರಿಗೆ ಹೊರಗಿನಿಂದ ಪವರ್ ಸ್ಟೀರಿಂಗ್ ಹಾಕಿಸಬಹುದೇ?
— ಓದುಗರು, ದಾವಣಗೆರೆ

ಉತ್ತರ: ಬೇರೆ ಕಾರಿನ ವಿದ್ಯುತ್ ಸ್ಟೀರಿಂಗ್ ಕಂಬವನ್ನು ಕತ್ತರಿಸಿ ವೆಲ್ಡ್ ಮಾಡಿ ಕೂರಿಸಿಕೊಡುವವರಿದ್ದಾರೆ, ನಾನು ಸಲಹೆ ಕೊಡುವುದಿಲ್ಲ. ಓಡುವಾಗ ಆ ಬೆಸುಗೆ ಬಿಟ್ಟರೆ ಕೈಯಲ್ಲಿ ಚಕ್ರವಷ್ಟೇ ಉಳಿಯುತ್ತದೆ. ಕಂಪನಿ ಕೊಟ್ಟ ರೂಪಕ್ಕೆ ವ್ಯತ್ಯಾಸವಾಗುವ ಮಾರ್ಪಾಡುಗಳ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ನಿರ್ಬಂಧವೂ ಇದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ಆ ಕಾರುಗಳ ಸ್ಟೀರಿಂಗ್ ಹೊಸದಾಗಿದ್ದಾಗ ಭಾರವಿರಲಿಲ್ಲ ಎಂಬುದನ್ನು ತಂದೆಯವರನ್ನೇ ಕೇಳಿ ನೋಡಿ. ಅಗಲದ ಟೈರ್ ಹಾಕಿಸಿದ್ದರೆ ಮೊದಲಿನ ಅಳತೆಗೆ ಮರಳಿ, ಬಾಲ್ ಜಾಯಿಂಟ್‌ಗಳನ್ನೂ ಸ್ಟ್ರಟ್ ಬೇರಿಂಗ್‌ಗಳನ್ನೂ ಹೊಸದು ಮಾಡಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ.

ಪ್ರಶ್ನೆ: ಮುಂದಿನ ಟೈರ್ ಬದಲಿಸಿದಾಗಿನಿಂದ ಕಾರು ಎಡಕ್ಕೆ ಎಳೆಯುತ್ತಿದೆ. ಪವರ್ ಸ್ಟೀರಿಂಗ್ ಕಾರಣವಿರಬಹುದೇ?
— ಓದುಗರು, ಮೈಸೂರು

ಉತ್ತರ: ಟೈರ್ ಬದಲಿಸಿದ ಮೇಲೆ ಶುರುವಾದದ್ದಕ್ಕೆ ಟೈರನ್ನೇ ಮೊದಲು ಕೇಳಬೇಕು. ಮುಂದಿನ ಎಡ ಬಲ ಚಕ್ರಗಳನ್ನು ಅದಲುಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರಿನಲ್ಲಿದೆ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಮಾತ್ರ ಹಾಗೆ ಅದಲುಬದಲು ಮಾಡಬಾರದು. ಸ್ಟೀರಿಂಗ್ ವಾಲ್ವ್ ಅನ್ನು ಪರೀಕ್ಷಿಸಲು ಮುಂದಿನ ಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿ, ನೇರವಾಗಿಟ್ಟು ಇಂಜಿನ್ ಚಾಲೂ ಮಾಡಿ, ಸ್ಟೀರಿಂಗ್ ಮುಟ್ಟಬೇಡಿ. ಅದು ತಾನಾಗಿ ಒಂದು ಬದಿಗೆ ಹೊರಳಿದರೆ ವಾಲ್ವ್ ಸಮತೋಲ ತಪ್ಪಿದೆ. ಹೊರಳದಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಆ ಬದಿಯ ಬ್ರೇಕ್ ಹಿಡಿದುಕೊಂಡಿದೆಯೇ ಎಂದೂ ನೋಡಿಸಿ.

ಪ್ರಶ್ನೆ: ನಮ್ಮ ಹಳೆಯ ಟ್ರ್ಯಾಕ್ಟರಿನಲ್ಲಿ ಸ್ಟೀರಿಂಗ್ ಅನ್ನು ಕೊನೆಯವರೆಗೆ ತಿರುಗಿಸಿದ ಮೇಲೂ ಅದು ನಿಧಾನವಾಗಿ ತಿರುಗುತ್ತಲೇ ಹೋಗುತ್ತದೆ. ಗದ್ದೆಯ ಕೆಸರಿನಲ್ಲಿ ಇದು ಹೆಚ್ಚು.
— ಓದುಗರು, ಸಿಂಧನೂರು

ಉತ್ತರ: ತಮ್ಮದು ಹೈಡ್ರೋಸ್ಟ್ಯಾಟಿಕ್ ಸ್ಟೀರಿಂಗ್. ಇದರಲ್ಲಿ ಚಕ್ರಕ್ಕೂ ಸ್ಟೀರಿಂಗ್‌ಗೂ ನಡುವೆ ಕಬ್ಬಿಣದ ಸಂಪರ್ಕವಿಲ್ಲ, ಹೋಸ್‌ಗಳೊಳಗಿನ ಆಯಿಲ್ ಮಾತ್ರವಿದೆ. ಆದ್ದರಿಂದ ಒಳಗೆ ಎಲ್ಲಿ ಸೋರಿದರೂ ಸ್ಟೀರಿಂಗ್ ಜಾರುತ್ತದೆ. ತುಸು ಜಾರುವುದು ಸಹಜ, ಸಲೀಸಾಗಿ ಸುತ್ತುವುದು ಸಹಜವಲ್ಲ. ಆಯಿಲ್ ಮತ್ತು ಫಿಲ್ಟರ್ ಸರಿಯಿದ್ದರೆ, ಮುಂದಿನ ಆಕ್ಸಲ್‌ನ ಸಿಲಿಂಡರ್ ಪಿಸ್ಟನ್ ಅನ್ನು ಒಂದು ಕೊನೆಗೆ ತಂದು, ಇಂಜಿನ್ ಆಫ್ ಮಾಡಿ, ಒತ್ತಡ ಇಳಿದ ಮೇಲೆ ಎದುರು ಬದಿಯ ಹೋಸ್ ಕಳಚಿ ಸಿಲಿಂಡರಿನ ಬಾಯಿ ತೆರೆದಿಡಿ. ಕಳಚಿದ ಹೋಸ್‌ಗೆ ಬಿರಡೆ ಹಾಕಿ. ಇಂಜಿನ್ ಚಾಲೂ ಮಾಡಿ ಅದೇ ಕೊನೆಯತ್ತ ಮೆಲ್ಲಗೆ ತಿರುಗಿಸಿದಾಗ ತೆರೆದ ಬಾಯಿಯಿಂದ ಆಯಿಲ್ ಧಾರೆಯಾಗಿ ಬಂದರೆ ಪಿಸ್ಟನ್ ಸೀಲ್ ಬದಲಿಸಿ, ಅದು ಸೀಲ್ ಕಿಟ್‌ನಲ್ಲಿ ಮುಗಿಯುವ ಕೆಲಸ. ಬರದಿದ್ದರೆ ಸ್ಟೀರಿಂಗ್ ಕೆಳಗಿದ್ದು, ತಿರುಗಿಸಿದಷ್ಟೇ ಆಯಿಲ್ ಅನ್ನು ಸಿಲಿಂಡರಿಗೆ ಕಳಿಸುವ ಆರ್ಬಿಟಲ್ ಘಟಕ ಸವೆದಿದೆ. ಅದನ್ನು ಹೊಲದ ಬದುವಿನಲ್ಲಿ ಬಿಚ್ಚಬೇಡಿ, ಧೂಳಿಲ್ಲದ ಹೈಡ್ರಾಲಿಕ್ ರಿಪೇರಿ ಅಂಗಡಿಗೆ ಒಯ್ಯಿರಿ.